ಬೆನ್ನ ಕಡೆ ಕಿವುಡಾದ ಆಂಟೆನಾ

ಸೂರ್ ಪಟ್ಟಣದ ಮೀನು ಬಂದರಿನಲ್ಲಿ ಐಸ್ ಯಂತ್ರ ಕೆಟ್ಟರೆ ಖಲ್ಫಾನ್‌ನನ್ನು ಕರೆಯುತ್ತಾರೆ. ಬರುತ್ತಾನೆ, ಯಂತ್ರದ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಾನೆ, ಎದುರಿಗೆ ಸಿಕ್ಕವರ ಮೇಲೆ ಒಮ್ಮೆ ರೇಗುತ್ತಾನೆ, ಸರಿಮಾಡಿ ಹೋಗುತ್ತಾನೆ. ಐವತ್ತು ದಾಟಿದ ಆಸಾಮಿ. ಹೆಂಡತಿ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ. ಊರವರು ಅವನ ಬಗ್ಗೆ ಬೆರಳು ಮಾಡಿ ತೋರಿಸುವುದು ಒಂದೇ, ಅವನ ಮನೆಯ ತಾರಸಿ. ತಂತಿ, ಕೊಳವೆ, ಹಗ್ಗ ಎಲ್ಲ ಹೆಣೆದುಕೊಂಡು ಅದು ಮನೆಯೋ ಬಲೆ ಒಣಹಾಕಿದ ದೋಣಿಯೋ ಎನ್ನುವ ಹಾಗಿದೆ. ಹವ್ಯಾಸಿ ರೇಡಿಯೊ ಅವನಿಗೆ ಹತ್ತಿದ ಹುಚ್ಚು. ಈ ಹುಚ್ಚು ಹತ್ತಿದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಪಕ್ಕದ ಮನೆಯವನ ಹೆಸರು ಮರೆಯುತ್ತಾರೆ, ಸಾವಿರಾರು ಮೈಲಿ ಆಚೆಯವನಿಗೆ ನೆಗಡಿಯಾಗಿದ್ದು ನೆನಪಿಟ್ಟುಕೊಳ್ಳುತ್ತಾರೆ.

ಈ ಹುಚ್ಚನ್ನು ಅವನು ತಮ್ಮನಿಗೂ ಅಂಟಿಸಿದ. ಹಮ್ದಾನ್ ಅವನಿಗಿಂತ ಬಹಳ ಚಿಕ್ಕವನು, ತಮ್ಮ ಅನ್ನುವುದಕ್ಕಿಂತ ಮಗನೆಂದರೇ ಸರಿ. ತೊಡೆಯ ಮೇಲೆ ಕೂರಿಸಿಕೊಂಡು, ಟೆಲಿಗ್ರಾಂ ಕಚೇರಿಯದರಂಥ ಕೀಲಿ ಬಡಿಯುವುದನ್ನು ಕಲಿಸಿದ್ದ. ಗಿಡ್ಡ ಬಡಿತ, ಉದ್ದ ಬಡಿತ, ಅಷ್ಟರಲ್ಲೇ ಎಲ್ಲ ಮಾತೂ. ಹೊರಗಿನವರಿಗೆ ಎಲ್ಲರ ಬಡಿತವೂ ಒಂದೇ ಥರ ಕೇಳುತ್ತದೆ. ಕಿವಿ ಪಳಗಿದವರಿಗೆ ಹಾಗಲ್ಲ, ಕೈಬರಹ ಗುರುತಿಸಿದ ಹಾಗೆ ಬಡಿಯುವ ಕೈಯನ್ನು ಗುರುತಿಸುತ್ತಾರೆ. ಹಮ್ದಾನ್ ಪ್ರತಿ ಹೆಸರಿನ ಕೊನೆಯ ಉದ್ದ ಬಡಿತವನ್ನು ಒಂದಿಷ್ಟು ಎಳೆಯುತ್ತಿದ್ದ, ಚಪ್ಪಲಿ ಎಳೆದುಕೊಂಡು ನಡೆಯುವವನ ಹಾಗೆ. ಮದುವೆಯಾದ ಮೇಲೂ ಹೆಂಡತಿ ಜುವೈನಾಳೊಂದಿಗೆ ಅಣ್ಣನ ಮನೆಯಲ್ಲೇ, ತಾರಸಿಗೆ ಅಂಟಿದ ಮಹಡಿಯ ಕೋಣೆಯಲ್ಲಿದ್ದ. ಮೀನಿಗೆ ಹೋದಾಗ ಲಾಂಚಿನಲ್ಲಿ ಪುಟ್ಟ ಸೆಟ್ ಒಯ್ಯುತ್ತಿದ್ದ. ಶುಕ್ರವಾರ ನಮಾಜು, ಊಟ ಮುಗಿದು ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ ಹೊತ್ತಿನಲ್ಲಿ ಮೊದಲು ಅಣ್ಣನ ಹೆಸರು, ಆಮೇಲೆ ತನ್ನ ಹೆಸರು ಬಡಿಯುತ್ತಿದ್ದ.

ಆ ಲಾಂಚು ಮಸೀರಾ ದ್ವೀಪದ ಕಡೆ ಹೋದದ್ದು ಬರಲಿಲ್ಲ. ಗಾಳಿ ಎದ್ದಿತ್ತು. ಹುಡುಕಿದವರಿಗೆ ಸಿಕ್ಕಿದ್ದು ಮೀನಿನ ಐಸ್ ಪೆಟ್ಟಿಗೆಯೊಂದೇ. ಕೇರಿಯ ಹಿರಿಯರು ಬಂದು, ಹೆಣ ಸಿಗದವರಿಗೆ ಓದಿಸುವ ನಮಾಜು ಓದಿಸಿಬಿಡೋಣ ಎಂದರು. ತಾಯಿ ರಾಯಾ ಕೂತ ಮಂಚದಿಂದ ಅಲ್ಲಾಡಲಿಲ್ಲ.

"ಬದುಕಿದ್ದವನಿಗೆ ನಮಾಜು ಓದಿಸ್ತೀರಾ? ನಾಚ್ಕೆ ಆಗಲ್ವಾ ನಿಮ್ಗೆ?" ಎಂದಳು. ಅಂದಿನಿಂದ ಅನ್ನ ಬಿಟ್ಟಳು. ಖರ್ಜೂರದ ಚೂರು, ಎರಡು ಗುಟುಕು ಕಾಫಿ, ಅಷ್ಟೇ.

ಒಂದು ಶುಕ್ರವಾರ ಅದೇ ಹೊತ್ತಿಗೆ ಖಲ್ಫಾನ್ ಅಭ್ಯಾಸಬಲದಿಂದ ಸೆಟ್ ಹಾಕಿ ಕೂತಿದ್ದ. ಗರಗರ ಸದ್ದಿನ ತಳದಲ್ಲಿ, ಬಾವಿಯೊಳಗಿಂದ ಬಂದ ಹಾಗೆ, ಅವನ ಹೆಸರು ಕೇಳಿತು. ಆಮೇಲೆ ಹಮ್ದಾನ್‌ನ ಹೆಸರು. ಕೊನೆಯ ಉದ್ದ ಬಡಿತ ಎಳೆದಿತ್ತು. ಓಡಿಹೋಗಿ ತಾಯಿಗೆ ಹೇಳಿದ. ಅವಳು ಅಳಲಿಲ್ಲ, ನಗಲಿಲ್ಲ, ತಟ್ಟೆ ತಾ ಎಂದಳು.

ಮುಂದಿನ ಎರಡು ಶುಕ್ರವಾರ ಏನೂ ಬರಲಿಲ್ಲ. ತಾಯಿ ಮತ್ತೆ ತಟ್ಟೆ ದೂಡತೊಡಗಿದಳು. ಆಮೇಲೆ ಬಡಿತ ಮತ್ತೆ ಶುರುವಾಯಿತು, ಒಂದು ಶುಕ್ರವಾರವೂ ತಪ್ಪಲಿಲ್ಲ. ಎರಡು ಹೆಸರು, ಅಷ್ಟೇ. ಎಲ್ಲಿದ್ದೀ, ಜೊತೆಗೆ ಯಾರಿದ್ದಾರೆ ಎಂದು ಖಲ್ಫಾನ್ ಬಡಿದು ಬಡಿದು ಕೇಳಿದ. ಉತ್ತರವಿಲ್ಲ. ಮತ್ತೆ ಅದೇ ಎರಡು ಹೆಸರು. ಸತ್ತವನು ಬಡಿಯುವುದಿಲ್ಲ, ಬದುಕಿದ್ದವನು ಉತ್ತರ ಕೊಡದೆ ಇರುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡು ಅವನಿಗೆ ಭಯವಾಗತೊಡಗಿತು. ಶುಕ್ರವಾರ ಹತ್ತಿರವಾದಂತೆ ಬಂದರಿನಲ್ಲಿ ಅವನ ರೇಗಾಟ ಹೆಚ್ಚಾಗುತ್ತಿತ್ತು.

ಕೊನೆಗೆ ತಾಯಿಯೇ ದಾರಿ ಹಾಕಿಕೊಟ್ಟಳು. "ಯಾವ ಕಡೆಯಿಂದ ಬರ್ತಿದೆ ಅಂತ ಹೇಳೋ. ಆ ಕಡೆ ಮುಖ ಮಾಡಿ ಕೂತ್ಕೋತೀನಿ. ಅಷ್ಟೂ ಹೇಳೋಕೆ ಆಗಲ್ಲ ಅಂದ್ರೆ ನಿನ್ನ ಆ ಪೆಟ್ಟಿಗೆ ಆರಿಸಿ, ನಮಾಜು ಓದಿಸ್ಬಿಡು. ಮಗ ಇದ್ದಾನೋ ಇಲ್ವೋ ಗೊತ್ತಿಲ್ದೆ ನಾನು ಸಾಯಲ್ಲ."

ತಾರಸಿಯ ಮೇಲಿದ್ದದ್ದು ಉದ್ದನೆಯ ಒಂಟಿ ತಂತಿ. ಅದು ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ, ಯಾವ ಕಡೆ ಎಂದು ಮಾತ್ರ ಹೇಳುವುದಿಲ್ಲ. ಕಡೆ ಹೇಳಬೇಕಾದರೆ ಒಂದೇ ದಿಕ್ಕಿಗೆ ಮುಖ ಕೊಡುವ, ತಿರುಗಿಸಲು ಬರುವ ಆಂಟೆನಾ ಬೇಕು. ಅಂಥದ್ದು ಯಾವುದು ಕೊಳ್ಳಲಿ, ಯಾವುದು ಕಟ್ಟಲಿ ಎಂದು ಕೇಳಲು ಅವನು ಹೋದದ್ದು ಬಖೀತ್‌ನ ಬಳಿಗೆ. ಬಖೀತ್ ಹಲ್ವಾ ಮಾಡುವವನು. ಊರಿನಲ್ಲಿ ಈ ಹುಚ್ಚು ಹತ್ತಿದ ಇನ್ನೊಬ್ಬ. ಕಡಾಯಿ ತಿರುವುತ್ತಲೇ ಜಗತ್ತಿಗೆಲ್ಲ ಬುದ್ಧಿ ಹೇಳುತ್ತಾನೆ.

"ಮೂರು ಅಡ್ಡಪಟ್ಟಿಯದ್ದು ಹಾಕು ಮಾರಾಯ, ಕಣ್ಣು ಮುಚ್ಕೊಂಡು ಹಾಕು," ಎಂದ ಬಖೀತ್. "ಮುಂದಿನ ಕಡೆಯಿಂದ ನೊಣ ಕೆಮ್ಮಿದ್ರೂ ಕೇಳತ್ತೆ."

"ಅದರ ಬೆನ್ನು ಹೇಗೆ?"

"ಬೆನ್ನು ಕಟ್ಕೊಂಡು ಏನ್ಮಾಡ್ತೀಯ? ಹೆಣ್ಣು ನೋಡೋಕೆ ಹೋದೋನು ಬೆನ್ನು ನೋಡ್ತಾನಾ? ಅದು ಬೇಡ ಅಂದ್ರೆ ಆರು ಕಡ್ಡಿಯದ್ದಿದೆ, ತಲೆಕೆಳಗಾದ ಕೊಡೆ ಥರ. ಹಗುರ. ಗಾಳಿ ಬಂದ್ರೂ ಜಗ್ಗಲ್ಲ."

"ಜೋರಾಗಿ ಕೇಳೋದು ನಂಗೆ ಬೇಕಾಗಿಲ್ಲ ಬಖೀತ್," ಎಂದ ಖಲ್ಫಾನ್. "ಅವನ ಕಡೆಗೆ ಬೆನ್ನು ಮಾಡಿದಾಗ ಪೂರ್ತಿ ಕೇಳದ ಹಾಗೆ ಆಗ್ಬೇಕು. ಆಗ ತಾನೇ ಎಲ್ಲಿದ್ದಾನೆ ಅಂತ ಗೊತ್ತಾಗೋದು."

ಬಖೀತ್‌ನ ಸೌಟು ನಿಂತಿತು. ತಮಾಷೆ ಅವನ ಮುಖದಿಂದ ಇಳಿಯಿತು. "ಹಾಗಾದ್ರೆ ಚೌಕಟ್ಟಿನದ್ದು ಕಟ್ಟು," ಎಂದ. "ಎರಡೇ ಪಟ್ಟಿ, ತುದಿಗಳನ್ನ ಒಳಕ್ಕೆ ಮಡಚಿ ಎದುರುಬದುರು ನಿಲ್ಲಿಸೋದು. ಮುಂದೆ ಅಷ್ಟಕ್ಕಷ್ಟೇ. ಬೆನ್ನ ಕಡೆ ಮಾತ್ರ ಶುದ್ಧ ಕಿವುಡು. ನಮ್ಮಲ್ಲಿ ಯಾರೂ ಅದಕ್ಕೋಸ್ಕರ ಆಂಟೆನಾ ಆರಿಸಲ್ಲ."

ಖಲ್ಫಾನ್ ಅದನ್ನೇ ಆರಿಸಿದ. ಐಸ್ ಯಂತ್ರದ ಅಲ್ಯೂಮಿನಿಯಂ ಕೊಳವೆ, ದೋಣಿ ಕಟ್ಟುವಲ್ಲಿಂದ ತಂದ ತೇಗದ ತುಂಡು, ಮೀನಿನ ಗಾಳದ ದಾರ ಎಲ್ಲ ಸೇರಿ ಅದು ಎದ್ದು ನಿಂತಿತು. ಕಂಬವನ್ನು ತಾರಸಿಯ ತೂತಿನಿಂದ ಕೆಳಗಿನ ರೇಡಿಯೊ ಕೋಣೆಯೊಳಕ್ಕೆ ಇಳಿಸಿ, ಕೈಯಿಂದ ತಿರುಗಿಸಲು ಹಿಡಿ ಹಾಕಿದ. ಕರಾಚಿಯ ಒಬ್ಬನನ್ನು ಹಿಡಿದು ಪರೀಕ್ಷೆ ಮಾಡಿದ. ಮುಖ ಮಾಡಿದರೆ ಪಕ್ಕದಲ್ಲೇ ಕೂತ ಹಾಗೆ ಮಾತು, ಬೆನ್ನು ಮಾಡಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ ಮೌನ. ಆಂಟೆನಾ ಹೇಳಿದ ಮಾತು ಕೇಳುತ್ತಿತ್ತು.

ಶುಕ್ರವಾರ ಬಂತು. ಬಿಸಿಲು ಬೀದಿಯ ಮೇಲೆ ಕವುಚಿ ಬಿದ್ದಿತ್ತು. ನಾಯಿಯೂ ಬೊಗಳುತ್ತಿರಲಿಲ್ಲ. ರೇಡಿಯೊ ಕೋಣೆಯ ಹೊರಗಿನ ಪಡಸಾಲೆಯಲ್ಲಿ ತಾಯಿ ಮಂಚದ ಮೇಲೆ ಕಾಯುತ್ತ ಕೂತಿದ್ದಳು. ಹೇಳಿದ ಕಡೆಗೆ ತಿರುಗಲು ಮೊದಲೇ ಕಾಲು ಕೆಳಗಿಟ್ಟಿದ್ದಳು. ಖಲ್ಫಾನ್ ಆಂಟೆನಾವನ್ನು ಸಮುದ್ರಕ್ಕೆ ಮುಖ ಮಾಡಿಸಿ ಸೆಟ್ ಹಾಕಿದ. ಸ್ವಲ್ಪ ಹೊತ್ತಿಗೆ ಬಡಿತ ಬಂತು. ಖಲ್ಫಾನ್. ಹಮ್ದಾನ್.

ಅವನು ಹಿಡಿಯನ್ನು ತಿರುಗಿಸಿದ. ಮಸೀರಾ ಕಡೆಗೆ ತಂದ. ಅಷ್ಟೇ ಕೇಳುತ್ತಿತ್ತು. ಮರಳುಗಾಡಿನ ಕಡೆಗೆ ತಿರುಗಿಸಿದ. ಅಷ್ಟೇ. ಬೆಟ್ಟದ ಕಡೆಗೆ, ಮತ್ತೆ ಸಮುದ್ರಕ್ಕೆ. ಒಂದು ಕೂದಲೆಳೆ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ತಮ್ಮ ಎಲ್ಲ ದಿಕ್ಕಿನಲ್ಲೂ ಇದ್ದ.

"ಯಾವ ಕಡೆ?" ಎಂದು ಹೊರಗಿನಿಂದ ತಾಯಿ ಕೇಳಿದಳು.

ಅವನ ಕೈ ತಾನಾಗಿಯೇ ಸೆಟ್ಟಿನ ಹಿಂದಕ್ಕೆ ಹೋಗಿ ಆಂಟೆನಾದ ಕೇಬಲನ್ನು ಕಳಚಿತು. ಈಗ ಹೊರಜಗತ್ತಿನ ಯಾವ ಸದ್ದೂ ಒಳಗೆ ಬರುವಂತಿರಲಿಲ್ಲ. ಗರಗರ ನಿಂತಿತು. ಆ ಮೌನದಲ್ಲಿ ಬಡಿತ ಮಾತ್ರ ಉಳಿಯಿತು, ಮೊದಲಿಗಿಂತ ಸ್ಪಷ್ಟವಾಗಿ. ಖಲ್ಫಾನ್. ಹಮ್ದಾನ್.

ಅವನಿಗೆ ಓಡಿಹೋಗಬೇಕೆನಿಸಿತು. ಆದರೆ ರೇಡಿಯೊದವನ ಬುದ್ಧಿ ಭಯಕ್ಕಿಂತ ಮೊದಲು ಓಡಿತು. ಆಂಟೆನಾ ಇಲ್ಲದೆಯೂ ಕೇಳುವುದು ಬಹಳ ಹತ್ತಿರದ್ದು ಮಾತ್ರ. ಕೇರಿಯಾಚೆಯದ್ದಲ್ಲ, ಬೀದಿಯದ್ದೂ ಅಲ್ಲ. ಈ ಮನೆಯದ್ದು. ಅವನು ತಾಯಿಯ ಮುಂದಿನಿಂದಲೇ ಹಾದು ಮಹಡಿಯ ಮೆಟ್ಟಿಲು ಹತ್ತಿದ.

ಹಮ್ದಾನ್‌ನ ಕೋಣೆಯ ಬಾಗಿಲು ಒರಗಿಸಿತ್ತು. ಒಳಗೆ ಹಮ್ದಾನ್ ಮೊದಲು ಕಲಿತಿದ್ದ ಹಳೆಯ ಸೆಟ್ಟಿನ ಮುಂದೆ ಅವನ ಹೆಂಡತಿ ಜುವೈನಾ ಕೂತಿದ್ದಳು. ಕೈ ಕೀಲಿಯ ಮೇಲಿತ್ತು. ಭಾವನನ್ನು ಕಂಡು ತಲೆಯ ಬಟ್ಟೆ ಸರಿಮಾಡಿಕೊಂಡಳು, ಎದ್ದು ನಿಂತಳು, ಅಷ್ಟೇ. ಸಿಕ್ಕಿಬಿದ್ದವಳ ಗಾಬರಿ ಅವಳಲ್ಲಿರಲಿಲ್ಲ.

"ನೀನಾ?" ಎಂದ ಖಲ್ಫಾನ್. "ಇಷ್ಟು ದಿನ ನೀನಾ?"

"ಹೂಂ, ಭಾವ."

"ಅವನ ಕೈ ನಿಂಗೆ ಹೇಗೆ ಬಂತು?"

"ಮದುವೆಯಾದ ಹೊಸದ್ರಲ್ಲಿ ನನ್ನ ಕೈ ಹಿಡ್ಕೊಂಡು ಅವರೇ ಬಡಿಸಿದ್ರು. ನಿಮ್ಮನ್ನ ಆಟ ಆಡ್ಸೋಕೆ. ಈ ಎರಡು ಹೆಸರು ಬಿಟ್ಟು ನಂಗೆ ಒಂದಕ್ಷರ ಬರಲ್ಲ. ನೀವು ಏನೇನೋ ಕೇಳ್ತಿದ್ರಿ, ತಿಳೀತಿರ್ಲಿಲ್ಲ."

ಖಲ್ಫಾನ್‌ಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಸುಳ್ಳಲ್ಲ, ಕೈ ಎತ್ತಿಯೂ ಇದ್ದ. "ಉಮ್ಮಾ ಆಸೆ ಇಟ್ಕೊಂಡು ಕೂತಿದ್ದಾರೆ ಕೆಳಗೆ. ಅವರಿಗೆ ಮೋಸ ಮಾಡೋಕೆ ಮನಸಾದ್ರೂ ಹೇಗೆ ಬಂತೇ?"

ಅವಳು ಅವನನ್ನೇ ನೋಡಿದಳು. "ಮೊದಲು ಶುರು ಮಾಡಿದ್ದು ನೀವಲ್ವಾ, ಭಾವ?"

"ನಾನಾ?"

"ನಾನು ಆಗ ಜಆಲಾನ್‌ನಲ್ಲಿ ಅಪ್ಪನ ಮನೇಲಿದ್ದೆ. ಜ್ವರ ಬಂದಿತ್ತು. ವಾಪಸ್ ಬಂದಾಗ, ನೀವು ಅವರ ಸದ್ದು ಕೇಳಿದ್ರಿ, ಉಮ್ಮಾ ಊಟ ಮಾಡಿದ್ರು ಅಂತ ಕೇರಿಯವರು ಅಂದ್ರು. ಉಮ್ಮಾ ಊಟ ಮಾಡ್ಲಿ ಅಂತ ನೀವು ಸುಳ್ಳು ಹೇಳಿದೀರಿ ಅಂದ್ಕೊಂಡೆ. ಎರಡು ಶುಕ್ರವಾರ ನಿಮಗೆ ಮತ್ತೆ ಸುಳ್ಳು ಹೇಳೋಕಾಗ್ಲಿಲ್ಲ ಅನ್ಸತ್ತೆ. ಉಮ್ಮಾ ತಟ್ಟೆ ಮುಟ್ಲಿಲ್ಲ. ಆಗ ನಾನು ಈ ಸೆಟ್ ಹಾಕಿದೆ."

"ನಾನು ಸುಳ್ಳು ಹೇಳ್ಲಿಲ್ಲ ಜುವೈನಾ," ಎಂದ ಖಲ್ಫಾನ್. ಅವನ ದನಿ ಅವನಿಗೇ ಬೇರೆಯವರದ್ದೆನಿಸಿತು. "ನಾನು ಕೇಳಿದ್ದೆ."

ಅವಳು ಸೆಟ್ಟಿನ ಗುಂಡಿ ಒತ್ತಿ ಆರಿಸಿದಳು, ಮೈಮೇಲೆ ಬಟ್ಟೆ ಎಳೆದುಕೊಂಡಳು. ಆ ಕೋಣೆಯಲ್ಲಿ ಉಳಿಯಲು ಇಬ್ಬರಿಗೂ ಧೈರ್ಯವಿರಲಿಲ್ಲ.

ತಾಯಿಯ ಮುಂದೆ ಏನು ಹೇಳುವುದೆಂದು ಮೆಟ್ಟಿಲಿಳಿಯುವವರೆಗೂ ಖಲ್ಫಾನ್‌ಗೆ ಹೊಳೆಯಲಿಲ್ಲ. ಪಡಸಾಲೆಗೆ ಬಂದರೆ ರಾಯಾ ರೇಡಿಯೊ ಕೋಣೆಯ ಬಾಗಿಲಿಗೆ ಕಿವಿಕೊಟ್ಟು ಬಾಗಿ ಕೂತಿದ್ದಳು.

"ಇಷ್ಟೊತ್ತು ಮೇಲೇನ್ಮಾಡ್ತಿದ್ರಿ? ಈಗಷ್ಟೇ ನಿಲ್ಲಿಸಿದ," ಎಂದಳು.

"ಯಾರು ನಿಲ್ಲಿಸಿದ್ದು, ಉಮ್ಮಾ?"

"ನಿನ್ನ ತಮ್ಮ ಕಣೋ. ಮೇಲೆ ನೀವಿಬ್ರೂ ಮಾತಾಡ್ತಾ ಇದ್ರಿ, ಆ ದನಿಯೂ ನಂಗೆ ಕೇಳ್ತಿತ್ತು. ಇಲ್ಲಿ ಇವನು ಬಡೀತಾನೇ ಇದ್ದ. ಒಂದನ್ನೇ, ಮತ್ತೆ ಮತ್ತೆ. ಇದು ಯಾವತ್ತೂ ಬಡೀತಿದ್ದದ್ದಲ್ಲ."

ಖಲ್ಫಾನ್ ಬಾಗಿಲಿನಿಂದ ಒಳಗೆ ನೋಡಿದ. ಕಳಚಿದ ಕೇಬಲ್ ಮೇಜಿನ ಮೇಲೆ ಬಿದ್ದಿತ್ತು. ಸೆಟ್ಟಿನ ದೀಪ ಮಾತ್ರ ಉರಿಯುತ್ತಿತ್ತು, ಸದ್ದಿರಲಿಲ್ಲ.

"ಹೇಗೆ ಬಡಿದ?"

ಅಕ್ಷರ ಕಲಿಯದ ಆ ಮುದುಕಿ ಬೆರಳಿನ ಗೆಣ್ಣಿನಿಂದ ಮಂಚದ ಪಟ್ಟಿಯ ಮೇಲೆ ಬಡಿದು ತೋರಿಸಿದಳು. ಮೂರು ಗಿಡ್ಡ. ಒಂದು ಉದ್ದ. ಒಂದು ಗಿಡ್ಡ. ಕೊನೆಯ ಉದ್ದದಲ್ಲಿ ಬೆರಳನ್ನು ತೆಗೆಯದೆ ಒಂದಿಷ್ಟು ಹೊತ್ತು ಹಾಗೇ ಒತ್ತಿ ಹಿಡಿದಳು.

ಜುವೈನಾ ಗೋಡೆಗೆ ಆತುಕೊಂಡಳು. ಖಲ್ಫಾನ್ ತಾಯಿಯ ಕಾಲ ಬಳಿ ನೆಲದ ಮೇಲೆ ಕೂತ. ಮಾತು ಮುಗಿಸಿ, ಇನ್ನು ಬರುವುದಿಲ್ಲ ಎಂದು ಸೆಟ್ ಆರಿಸುವಾಗ ರೇಡಿಯೊದವರು ಬಡಿಯುವ ಗುರುತು ಅದು.

"ಏನಂತೆ?" ಎಂದು ರಾಯಾ ಕೇಳಿದಳು. "ಮುಚ್ಚಿಡ್ಬೇಡ. ಏನಂತೆ ಹೇಳು."

"ಮುಗೀತು ಅಂತ, ಉಮ್ಮಾ. ಹೊರಟೆ ಅಂತ."

ರಾಯಾ ಅವನ ತಲೆಯ ಮೇಲೆ ಕೈಯಿಟ್ಟಳು.

"ಎಷ್ಟು ದಿನ ನಿಂತಿದ್ನೋ ನನಗೋಸ್ಕರ," ಎಂದಳು. "ಹೋಗ್ಲಿ ಬಿಡು. ಸಂಜೆಯ ಅಸರ್ ಬಾಂಗಾದ ಮೇಲೆ ನಮಾಜು ಓದಿಸೋಕೆ ಹೇಳು ಮಸೀದೀಲಿ. ನೀನೇ ಮುಂದೆ ನಿಂತ್ಕೋ."

ಖಲ್ಫಾನ್ ಕೈಕಾಲು ತೊಳೆಯಲು ಎದ್ದ. ಜುವೈನಾ ಅಲ್ಲೇ ನೆಲದ ಮೇಲೆ ಕೂತು, ಲಾಂಚು ಬರದಾದ ಮೇಲೆ ಮೊದಲ ಬಾರಿಗೆ ಗಂಡನಿಗಾಗಿ ದನಿಯೆತ್ತಿ ಅತ್ತಳು. ಅತ್ತೆ ಅವಳನ್ನು ಮಂಚದ ಮೇಲೆ ಪಕ್ಕಕ್ಕೆ ಕರೆದುಕೊಂಡಳು.