ಕಾಡಪ್ಪನ ನಾಲ್ಕು ಹೆಜ್ಜೆ

ಬನಹಟ್ಟಿಯ ವಿಡಿಯೋ ಕಾಡಪ್ಪ ಮೊದಲು ಹೊಡೆಯುತ್ತಿದ್ದ, ಆಮೇಲೆ ಮಾತಾಡುತ್ತಿದ್ದ. ಅವನ ಗುರುತಿದ್ದವರು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಹೇಳುವಾಗ ಒಂದು ಕೈ ತಾನಾಗಿ ಕೆನ್ನೆಯ ಕಡೆಗೆ ಹೋಗುತ್ತದೆ. ನನ್ನ ಪರಿಚಯವೂ ಹಾಗೆಯೇ ಆಯಿತು. ನಾನಾಗ ಮುಧೋಳದ ಶಾಲೆಯಲ್ಲಿ ಮಾಸ್ತರ, ಊರ ಮಕ್ಕಳ ಕಿವಿ ಹಿಂಡಿದವನು. ಒಂದು ಹಳೇ ವಿಡಿಯೋ ಕ್ಯಾಸೆಟ್ಟನ್ನು ಡಿಸ್ಕ್ ಮಾಡಿಸಲು ಅವನ ಅಂಗಡಿಗೆ ಹೋಗಿದ್ದೆ. ಎಲ್ಲ ತಿಳಿದವನ ಹಾಗೆ ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಎತ್ತಿ, ಒಳಗಿನ ಕಪ್ಪು ರೀಲಿನ ಮೇಲೆ ಬೆರಳಿಟ್ಟು, "ಇದರಾಗ ಇನ್ನಾ ಚಿತ್ರ ಉಳದಾವೇನ್ರಿ?" ಎಂದೆ. ಫಟಾರನೆ ಕೆನ್ನೆಗೆ ಬಿತ್ತು.

"ರೀಲಿಗೆ ಬಟ್ಟ ಹಚ್ಚತಿ? ನಿನ್ನ ಕಣ್ಣಿನ ಗುಡ್ಡಿಗೆ ನಾ ಬಟ್ಟ ಹಚ್ಚಲೇನ?" ಎಂದ. ಹಾಗೆನ್ನುತ್ತಲೇ ಎರಡು ಬೆರಳನ್ನು ನನ್ನ ಕಣ್ಣಿನ ತೀರ ಹತ್ತಿರ ತಂದು ನಿಲ್ಲಿಸಿದ. ಖರೇನೇ ಹಾಕಿಬಿಡುತ್ತಾನೆ ಅನ್ನಿಸಿತು.

ಮುಧೋಳ ನಾಯಿಯಂತೆ ಒಣಕಲು ಮೈ, ಉದ್ದ ಕೈ. ನೇಕಾರರ ಮನೆಯವನು. ಚಿಕ್ಕಂದಿನಲ್ಲಿ ಪವರಲೂಮಿನ ಲಾಳಿ ಸಿಡಿದು ಎಡಗಿವಿಗೆ ಬಡಿದು ಆ ಕಿವಿ ಸತ್ತಿತ್ತು. ಅದಕ್ಕೇ ಗುಟ್ಟಿನ ಮಾತನ್ನೂ ಬಜಾರಿಗೆ ಕೇಳುವಂತೆ ಆಡುತ್ತಿದ್ದ. ತೊಂಬತ್ತೇಳರ ಸುಮಾರಿಗೆ ಎರಡು ಮಗ್ಗ ಮಾರಿ, ಹೆಗಲ ಮೇಲೆ ಇಟ್ಟುಕೊಳ್ಳುವ ದೊಡ್ಡ ಕ್ಯಾಮೆರಾ ತಂದ. ಇಡೀ ಕ್ಯಾಸೆಟ್ಟು ಅದರ ಹೊಟ್ಟೆಯೊಳಗೇ ಕೂರುತ್ತಿತ್ತು. ಬನಹಟ್ಟಿ, ರಬಕವಿ, ಜಮಖಂಡಿಯ ಮದುವೆಗಳೆಲ್ಲ ಆ ಹೆಗಲ ಮೇಲೇ ಆದವು.

ಆ ಮದುವೆಗಳಲ್ಲೂ ಬಡಿದಾಟ ತಪ್ಪುತ್ತಿರಲಿಲ್ಲ. ರಬಕವಿಯ ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ವರನ ಸೋದರಮಾವ ತನ್ನ ಜರತಾರಿ ರುಮಾಲು ಚಿತ್ರದಲ್ಲಿ ಬರಲೆಂದು ಕ್ಯಾಮೆರಾಕ್ಕೆ ಅಡ್ಡ ಬಂದು ನಿಂತ. ಕಾಡಪ್ಪ ಅವನ ಮೊಣಕಾಲ ಹಿಂದಿನ ಸಂದಿಗೆ ಒದ್ದ. ಮಾವ ಕುಸಿದು ಕೂತ. ವರನ ಕಡೆಯ ಮೂವರು ಮೇಲೆ ಬಿದ್ದು ಕಾಡಪ್ಪನ ಬೆನ್ನಿಗೆ, ಪಕ್ಕೆಗೆ ಗುದ್ದಿದರು, ತುಟಿ ಒಡೆಯಿತು. ಆ ಟೇಪನ್ನು ನಾನು ನೋಡಿದ್ದೇನೆ. ಗುದ್ದಿನ ಸಪ್ಪಳ ಕೇಳುತ್ತದೆ, ಮಂದಿಯ ಬೈಗುಳ ಕೇಳುತ್ತದೆ, ಆದರೆ ತಾಳಿಯ ಚಿತ್ರ ಒಂದಿಷ್ಟೂ ಅಲುಗಿಲ್ಲ. "ಹೆಣಾ ಬಿದ್ರೂ ಕ್ಯಾಮೆರಾ ಇಳಸಬಾರದು" ಎಂದು ಆಗಿನ ದಿನಗಳಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದನಂತೆ. ನನ್ನ ಕಾಲಕ್ಕೆ ಆ ಮಾತು ಅವನ ಬಾಯಲ್ಲಿ ಇರಲಿಲ್ಲ. ಪರಿಚಯದ ಹೊಸತರಲ್ಲಿ ಒಮ್ಮೆ ನಾನೇ ನೆನಪು ಮಾಡಿಕೊಟ್ಟೆ. ಕೈಯಲ್ಲಿದ್ದ ಸ್ಟೀಲಿನ ಲೋಟವನ್ನು ಚಹಾದ ಸಮೇತ ನನ್ನ ತಲೆಗೆ ಗುರಿಯಿಟ್ಟು ಎಸೆದ. ಲೋಟ ಗೋಡೆಗೆ ಬಡಿದು ನಜ್ಜುಗುಜ್ಜಾಯಿತು.

ಡಿಸ್ಕಿನ ಕಾಲ ಬಂದ ಮೇಲೆ ಅವನ ಸಿಟ್ಟಿಗೆ ಹೊಸ ದಾರಿ ಸಿಕ್ಕಿತು. ಮಂದಿ ಹಳೇ ಕ್ಯಾಸೆಟ್ಟುಗಳನ್ನು ಡಿಸ್ಕ್ ಮಾಡಿಸತೊಡಗಿದರು. ಜಮಖಂಡಿಯ ಒಂದು ಅಂಗಡಿಯವನು ನಾಲ್ಕು ಕ್ಯಾಸೆಟ್ಟುಗಳನ್ನು ಒಂದೇ ಡಿಸ್ಕಿನಲ್ಲಿ ತುರುಕಿ ಕೊಡುತ್ತಿದ್ದ. ಹಾಗೆ ತುರುಕಿದರೆ ಚಿತ್ರ ಸವೆದು, ಮುಖಗಳೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತವೆ. ಕಾಡಪ್ಪ ತಾನು ತೆಗೆದ ಮದುವೆಯೊಂದನ್ನು ಆ ಅವಸ್ಥೆಯಲ್ಲಿ ನೋಡಿ, ಸುತ್ತಿಗೆ ತೆಗೆದುಕೊಂಡು ಬಸ್ಸು ಹತ್ತಿದ. ಆ ಅಂಗಡಿಯ ಕಟ್ಟೆಯ ಮೇಲೆ ಕೂತು, ಕೈಗೆ ಸಿಕ್ಕ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಒಡೆದ. ಪೊಲೀಸರು ಬಂದಾಗ, "ಮದಲಗಿತ್ತಿ ಮಾರಿ ಕೊಚ್ಚಿ ಹಾಕ್ಯಾನ್ರಿ ಇಂವ, ಮದಲ ಇವನ್ನ ಹಿಡೀರಿ" ಎಂದನಂತೆ.

ಅವನ ಕೆಲಸ ಬೇರೆಯದೇ ಜಾತಿ. ಒಂದು ಕ್ಯಾಸೆಟ್ಟಿಗೆ ಒಂದೇ ಡಿಸ್ಕು. ಮೊದಲು ರೀಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ ಬಿಗಿ ಬಿಡಿಸುವುದು, ಟೇಪು ಓದುವ ಹೆಡ್ಡು ಒರೆಸುವುದು, ಆಮೇಲೆಯೇ ಚಾಲೂ ಮಾಡುವುದು. ಟೇಪು ಎಷ್ಟು ತಾಸಿನದೋ ಅಷ್ಟು ತಾಸೂ ಅಲ್ಲೇ ಕೂತು, ಚಿತ್ರ ನಡುಗಿದಾಗ ತಿರುಪು ತಿರುಗಿಸುತ್ತ, ಯಾರದೋ ಮನೆಯ ತೊಟ್ಟಿಲ ಕಾರ್ಯವನ್ನು ಕಣ್ಣು ಕೀಳದೆ ನೋಡುವುದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಟೇಪು ಯಾವ ಕ್ಯಾಮೆರಾದಲ್ಲಿ ತುಂಬಿದೆಯೋ ಅದೇ ಕ್ಯಾಮೆರಾದಲ್ಲಿ ಆಡಿಸಬೇಕು. "ಯಾವ ಹೆಡ್ಡ ಬರದೈತಿ, ಅದ ಹೆಡ್ಡ ಓದಬೇಕ. ಬ್ಯಾರೇದ್ದು ಓದಿದ್ರ ತ್ವಾದಲ ಓದತೈತಿ" ಎನ್ನುತ್ತಿದ್ದ.

ನಾನು ಒಯ್ದಿದ್ದ ಕ್ಯಾಸೆಟ್ಟಿನ ಕಥೆ ಈಗ ಹೇಳಬೇಕು. ಗಲಗಲಿಯ ಆಚೆ, ಕೃಷ್ಣೆಯ ದಂಡೆಗೆ ನಮ್ಮ ಹಳೇ ಊರಿತ್ತು. ಆಣೆಕಟ್ಟಿನ ಹಿನ್ನೀರು ಏರುತ್ತದೆ, ಮನೆ ಕಿತ್ತುಕೊಂಡು ಹೊರಡಿ ಎಂದರು. ಹೊರಡುವ ಮುಂಚೆ ಮನೆಯ ಚಿತ್ರವಾದರೂ ಉಳಿಯಲಿ ಎಂದು ನನ್ನ ಅಣ್ಣ ಈರಪ್ಪ ಬನಹಟ್ಟಿಯಿಂದ ವಿಡಿಯೋದವನನ್ನು ಕರೆಸಿದ್ದ. ಮನೆ ನಮ್ಮಪ್ಪ, ದೊಡ್ಡಪ್ಪ ಇಬ್ಬರಿಗೂ ಸೇರಿದ್ದು. ಕೆತ್ತನೆಯ ತಲಬಾಗಿಲು ಮಾತ್ರ ಒಂದೇ. ಅದನ್ನು ಹೊಸ ಊರಿಗೆ ಯಾರು ಒಯ್ಯಬೇಕು ಎಂಬ ಮಾತಿಗೆ ದೊಡ್ಡಪ್ಪನ ಮಗ ಮಲ್ಲಪ್ಪ, ಚೌಕಟ್ಟು ಕೀಳಲು ತಂದ ಹಾರೆಯಿಂದಲೇ ಅಣ್ಣನ ತಲೆಗೆ ಹೊಡೆದ. ಒಂದೇ ಏಟು, ಅಣ್ಣ ಅಲ್ಲೇ ಹೋದ. ಆಗ ಓಡುತ್ತಿದ್ದ ಕ್ಯಾಸೆಟ್ಟಿನಲ್ಲಿ ಅದೂ ಸೇರಿತು. ನಾನು ಆ ದಿನ ಬಾಗಲಕೋಟೆಯಲ್ಲಿ ತರಬೇತಿಯಲ್ಲಿದ್ದೆ. ಮಲ್ಲಪ್ಪ ತಾನೇ ಪೊಲೀಸರ ಹತ್ತಿರ ಹೋಗಿ ಒಪ್ಪಿಕೊಂಡದ್ದರಿಂದ ಆ ಕ್ಯಾಸೆಟ್ಟನ್ನು ಕೋರ್ಟಿನಲ್ಲಿ ಹಾಕಿ ನೋಡುವ ಪ್ರಸಂಗವೇ ಬರಲಿಲ್ಲ. ಕೆಂಪು ಅರಗಿನ ಸೀಲಿನೊಂದಿಗೆ ಹೋದದ್ದು ಹಾಗೆಯೇ ಮರಳಿ ಬಂತು.

ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಅದರೊಳಗೆ ಮಗ ಇದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತು. ಸೋಮವಾರಕ್ಕೊಮ್ಮೆ, ಅಮಾವಾಸ್ಯೆಗೊಮ್ಮೆ ಲಿಂಗಪೂಜೆ ಮುಗಿಸಿ ಕ್ಯಾಸೆಟ್ಟಿಗೂ ಮೂರು ಬೆರಳ ವಿಭೂತಿ ಎಳೆಯುತ್ತಿದ್ದಳು. ಒಂಬತ್ತು ವರ್ಷ ಹೀಗೆ ನಡೆಯಿತು. ನಾವ್ಯಾರೂ ಬೇಡ ಅನ್ನಲಿಲ್ಲ, ಯಾಕೆ ಅನ್ನಬೇಕು? ಕಣ್ಣಿಗೆ ಪೊರೆ ಬಂದು ಒಂದು ಕಣ್ಣು ಪೂರ್ತಿ ಹೋದ ಮೇಲೆ ಒಂದು ದಿನ, "ಇನ್ನೊಂದ ಕಣ್ಣ ಇರೂದ್ರಾಗ ಅವನ ಮಾರಿ ತೋರಸು" ಎಂದಳು. ಅದಕ್ಕೇ ನಾನು ಕಾಡಪ್ಪನ ಅಂಗಡಿಗೆ ಹೋದದ್ದು.

ನನಗೆ ಹೊಡೆದ ಕೈಯಲ್ಲೇ ಅವನು ಕ್ಯಾಸೆಟ್ಟು ಕಸಿದುಕೊಂಡ. ಅಲುಗಿಸಿದ. ಒಳಗಿಂದ ಬಿಳಿ ಬೂದಿ ಉದುರಿತು. "ಇದಕ್ಕ ವಿಭೂತಿ ಹಚ್ಚಿದಾಂವ ಯಾಂವಲೇ? ಅವನ ಕೈ ಮುರಿಯಾಕ!" ಎಂದು ಇನ್ನೊಂದು ಏಟಿಗೆ ಕೈ ಎತ್ತಿದ.

"ನಮ್ಮವ್ವ" ಎಂದೆ.

ಅಷ್ಟರಲ್ಲಿ ಬೂದಿಯ ಅಡಿಯಲ್ಲಿ ಕ್ಯಾಸೆಟ್ಟಿಗೆ ಅಂಟಿಸಿದ್ದ ಚೀಟಿ ಅವನಿಗೆ ಕಂಡಿತು. ಅವನದೇ ಅಕ್ಷರ, ನಮ್ಮೂರ ಹೆಸರು. ಎತ್ತಿದ ಕೈ ಇಳಿಯಿತು. ಬಹಳ ಹೊತ್ತು ನನ್ನ ಮುಖವನ್ನು ನೋಡಿ, "ಈರಪ್ಪನ ತಮ್ಮ ಏನ್ರಿ ನೀವು?" ಎಂದ. ಅಲ್ಲಿಂದ ನಾನು 'ಮಾಸ್ತರ್' ಆದೆ.

"ಕಡೀ ಐದ ಮಿನಿಟು ಕಡದ ಹಾಕತೇನ್ರಿ, ಅವ್ವಾರು ಅದನ್ನ ನೋಡೂದು ಬ್ಯಾಡ" ಎಂದು ತಾನಾಗೇ ಹೇಳಿದ. ನನಗೂ ಅದೇ ಬೇಕಿತ್ತು. ಎಷ್ಟು ಒಳ್ಳೆಯ ಮನುಷ್ಯ ಅನ್ನಿಸಿತು. ಆದರೆ ಮನೆಗೆ ಬಂದು ಹೇಳಿದರೆ ಅವ್ವ ಕೆರಳಿದಳು. "ನಾ ಹಡದಾಕಿ. ಅವನ ಮದಲಿನ ಉಸರು ನೋಡೇನಿ, ಕಡೀದೂ ನೋಡತೇನಿ. ಒಂದ ಚಣಾನೂ ಕಡೀಬ್ಯಾಡಂತ ಹೇಳು." ಈ ಮಾತು ಮುಟ್ಟಿಸಿದಾಗ ಕಾಡಪ್ಪ ಮೇಜಿಗೆ ಗುದ್ದಿದ ಗುದ್ದಿಗೆ ಮೇಲಿನ ಗಾಜು ಬಿರಿಯಿತು.

ಹನ್ನೊಂದು ದಿನ ಹಿಡಿಯಿತು. ಕ್ಯಾಸೆಟ್ಟಿನ ತಿರುಪು ಬಿಚ್ಚಿ, ರೀಲನ್ನು ಹೊಸ ಡಬ್ಬಿಗೆ ಹಾಕಿ, ತಮ್ಮ ಮನೆಯ ಮಗ್ಗದಲ್ಲಿ ನೇಯ್ದ ಮೆತ್ತನೆಯ ಹತ್ತಿಬಟ್ಟೆಯ ಮೇಲೆ ಗೇಣು ಗೇಣಾಗಿ ಎಳೆದು ಬೂದಿ ತೆಗೆದ. ಆಮೇಲೆ ಅಟ್ಟದಿಂದ ಒಂದು ಗಂಟು ಇಳಿಸಿದ. ಹಳೇ ಸೀರೆಯಲ್ಲಿ ಸುತ್ತಿದ್ದ ಆ ದೊಡ್ಡ ಕ್ಯಾಮೆರಾ. ನಮ್ಮೂರಿಂದ ಬಂದ ದಿನವೇ ಸುತ್ತಿಟ್ಟವನು ಮತ್ತೆ ಮುಟ್ಟಿರಲಿಲ್ಲವಂತೆ; ಅದರಲ್ಲಿ ತುಂಬಿದ ಟೇಪು ತಂದವರನ್ನು ಹಾಗೇ ತಿರುಗಿ ಕಳಿಸುತ್ತಿದ್ದನಂತೆ. ಅದರೊಳಗಿನ ರಬ್ಬರ್ ಪಟ್ಟಿ ಕರಗಿ ಅಂಟಾಗಿತ್ತು. ಬೇರೆ ಮಶಿನ್ನಿನ ಪಟ್ಟಿ ಕಿತ್ತು ಹಾಕಿದ.

ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ಇಬ್ಬರೂ ಕೂತೆವು. ಅಣ್ಣ ಬಂದ. ಆಗ ತಾನೇ ಎದುರಿಗೆ ನಿಂತಷ್ಟು ಸ್ವಚ್ಛ. ಕುತ್ತಿಗೆಯ ಬೆವರು, ಅಂಗಿಯ ಹರಿದ ಕಿಸೆ ಕೂಡ ಕಾಣುತ್ತಿತ್ತು. "ಏ ಕಾಡಪ್ಪ, ನಮ್ಮವ್ವನ ಒಲಿ ತಗಿಯೋ, ಮುಳಗಿ ಹೊಕ್ಕೈತಿ ಅದು" ಎಂದು ನಗುತ್ತ ಅಡುಗೆಮನೆಗೆ ಕರೆದೊಯ್ದ. ನಾನು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ನಂತರ ತಲಬಾಗಿಲು. ಮಲ್ಲಪ್ಪ ಹಾರೆ ಹಿಡಿದು ಪಕ್ಕದಿಂದ ಬಂದ. ಮಾತಿಗೆ ಮಾತು ಬೆಳೆಯಿತು. ಮಂದಿ ಹಿಂದೆ ಸರಿದರು. ಆಗ ಚಿತ್ರ ಅಣ್ಣನ ಕಡೆಗೆ ಹೋಗತೊಡಗಿತು. ಸೊಂಟ, ಎದೆ, ಕಡೆಗೆ ಬರೀ ಮುಖ. ಪರದೆಯ ತುಂಬ ಅಣ್ಣನ ಮುಖ. "ಹೊಡಿ ನೋಡೂಣು" ಎಂದ. ಒಂದು ಮಂದ ಸಪ್ಪಳ. ಮುಖ ಕೆಳಗೆ ಜಾರಿ ಹೋಯಿತು. ಅದಿದ್ದ ಜಾಗದಲ್ಲಿ ಬಾಗಿಲ ಕೆತ್ತನೆ, ಅದರ ಮೇಲೆ ಚಿಮ್ಮಿದ ರಕ್ತ. ಚಿತ್ರ ಅಲುಗಲೇ ಇಲ್ಲ.

ಕಾಡಪ್ಪ ಯಂತ್ರ ನಿಲ್ಲಿಸಿದ. "ನಾಕ ಹೆಜ್ಜಿ, ಮಾಸ್ತರ್. ನಾಕ ಹೆಜ್ಜಿ ಮ್ಯಾಲ ನಿಂತಿದ್ನಿ. ಎತ್ತಿದ ಕೈ ಹಿಡೀಬಹುದಿತ್ತು. ನಡೀಲಿಲ್ಲ ನಾ. ಝೂಮ್ ಮಾಡೇನಿ." ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದ. "ಈ ಬಟ್ಟ ಒತ್ತಿತು. ಮಾರಿ ಛಲೋ ಬರತೈತೆಂತ."

ಆವತ್ತು ನಾನು ಅವನನ್ನು ಹೊಡೆದೆ. ಕೊರಳಪಟ್ಟಿ ಹಿಡಿದು ಗೋಡೆಗೆ ಜಪ್ಪಿ, ಮೂಗು ಬಾಯಿ ನೋಡದೆ, ಕೈ ನೋಯುವ ತನಕ ಹೊಡೆದೆ. ನನ್ನ ಮೂರರಷ್ಟು ಬಲ ಅವನ ತೋಳಿನಲ್ಲಿತ್ತು, ಒಂದೂ ಕೈ ಎತ್ತಲಿಲ್ಲ. ನಾನು ನಿಲ್ಲಿಸಿದಾಗ ರಕ್ತ ಒರೆಸಿಕೊಂಡು, "ಅವ್ವಾರ ಮುಂದ ನಾನ ಹೇಳತೇನಿ" ಎಂದ. ಡಿಸ್ಕನ್ನು ತಾನೇ ಅಂಗಿಯೊಳಗೆ ಇಟ್ಟುಕೊಂಡು ನನ್ನ ಜೊತೆ ಮುಧೋಳಕ್ಕೆ ಬಂದ.

ಅವ್ವ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಒಲೆಯ ಮಾತಿಗೆ ನಕ್ಕಳು. ಕಡೆಯ ಐದು ನಿಮಿಷವನ್ನು ರೆಪ್ಪೆ ಬಡಿಯದೆ ನೋಡಿದಳು. ಮುಖ ಜಾರಿದಾಗ ಎರಡೂ ಅಂಗೈಯನ್ನು ಗಾಜಿನ ಕೆಳತುದಿಗೆ ಒಡ್ಡಿದಳು. ಎಲ್ಲ ಮುಗಿದ ಮೇಲೆ, ಊದಿದ ತುಟಿಯ ಕಾಡಪ್ಪ ಕೈಜೋಡಿಸಿಕೊಂಡು, "ಅವ್ವಾರ, ಒಂದ ಮಾತ ಹೇಳೂದೈತ್ರಿ" ಎಂದ.

ಅವ್ವ ಅವನ ಕೈ ಹಿಡಿದಳು. "ಏನ ಹೇಳತಿ ಯಪ್ಪಾ, ನಾ ನೋಡಿದ್ನೆಲ್ಲ. ಎಲ್ಲಾರೂ ಹಿಂದ ಸರದ್ರು. ನೀ ಒಬ್ಬಾಂವ ನನ್ನ ಮಗನ ಹಂತ್ಯಾಕ ಹ್ವಾದಿ. ಮಾರೀಗೆ ಮಾರಿ ಹಚ್ಚಿ ನಿಂತಿದ್ದಿ. ಆಂವ ಒಬ್ಬನ ಸಾಯಲಿಲ್ಲ ಅಂತ ಇವತ್ತ ತಿಳೀತು. ನನಗಷ್ಟ ಸಾಕು."

ಕಾಡಪ್ಪ ಬಾಯಿ ತೆರೆದ. ನಾನು ಅವ್ವನ ಬೆನ್ನ ಹಿಂದೆ ನಿಂತು, ಬೇಡ ಎಂದು ತಲೆ ಅಲ್ಲಾಡಿಸಿದೆ. ಅವನು ಬಾಯಿ ಮುಚ್ಚಿದ.

ಆಮೇಲೆ ಅವನು ತಿಂಗಳಿಗೊಮ್ಮೆಯಾದರೂ ಬರುತ್ತಿದ್ದ. ಬಂದಾಗಲೆಲ್ಲ ಹೇಳಿಬಿಡುವ ಹಟ ಮುಖದ ಮೇಲೆ ಕಾಣುತ್ತಿತ್ತು. ಅವ್ವ ಶೇಂಗಾ ಹೋಳಿಗೆ ತುಪ್ಪ ಬಡಿಸಿ, "ಉಣ್ಣೋ ನನ್ನಪ್ಪಾ" ಎನ್ನುತ್ತಿದ್ದಳು, ನಾನು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದೆ. ಅವನು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ. ಅವ್ವನ ನೆಮ್ಮದಿಗೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವನು ಒಳಗೇ ಬೇಯಲಿ ಎಂಬ ಸೇಡೂ ಅದರಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. ಆ ವರ್ಷಗಳಲ್ಲಿ ಅವನು ಯಾರ ಮೇಲೂ ಕೈ ಮಾಡಿದ ಸುದ್ದಿ ಬರಲಿಲ್ಲ.

ಈಗ ಕಾಡಪ್ಪ ಇಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ನಾನು ಅವನನ್ನು ಕಡೆಯ ಸಲ ನೋಡಿದ್ದು ಅವ್ವನ ಮಣ್ಣಿನ ದಿನ. ಸುದ್ದಿ ತಡವಾಗಿ ಮುಟ್ಟಿ, ಮಣ್ಣು ಕೊಟ್ಟು ಎಲ್ಲರೂ ತಿರುಗಿ ಹೊರಟಾಗ ಓಡುತ್ತ ಬಂದ. ಗೋರಿಯ ಹಸಿ ಮಣ್ಣು ನೋಡಿದ. ನನ್ನ ಹತ್ತಿರ ಬಂದು, "ಹೇಳಿದ್ರೇನು ಆಕಿಗೆ?" ಎಂದ.

"ಇಲ್ಲ" ಎಂದೆ.

ಬಂಧುಬಳಗದ ನಡುವೆ, ಹೆಂಡತಿ ಮಕ್ಕಳ ಎದುರಿಗೆ, ಆ ಉದ್ದ ಕೈ ನನ್ನ ಕೆನ್ನೆಗೆ ಬಿತ್ತು. ಕಣ್ಣು ಕತ್ತಲಿಟ್ಟಿತು. ನಾಲ್ಕು ಮಂದಿ ಅವನ ಮೇಲೆ ನುಗ್ಗಿದರು, ನಾನೇ ಅಡ್ಡ ನಿಂತೆ.

"ಆಕಿ ಕೈಲೆ ಒಂದ ಏಟ ತಿನ್ನೂದಿತ್ತಲೇ ನಾ" ಎಂದ. ದನಿ ಮೊದಲ ಸಲ ಸಣ್ಣದಾಗಿತ್ತು. "ಹೋಳಿಗಿ ತಿನಿಸಿ ಕಳಿಸಿದಿ."

ನಾನು ಕೆನ್ನೆಯನ್ನು ಮುಂದೆ ಚಾಚಿಕೊಂಡೇ ನಿಂತಿದ್ದೆ. ಎರಡನೆಯದು ಬೀಳಲಿಲ್ಲ.