ನಡುವಿನ ಸ್ಪೀಕರ್

ಹೆಲಿಕಾಪ್ಟರ್ ನನ್ನ ಎಡಗಿವಿಯ ಕಡೆಯಿಂದ ಬಂದು ಬಲಗಿವಿಯ ಕಡೆಗೆ ಹೊರಟುಹೋಯಿತು. ಹಿಂದೆಯೇ ಒಂದು ಬಾಂಬ್. ಅಂಗಡಿಯ ಗಾಜಿನ ಬಾಗಿಲು ಗಡಗಡ ಅಂದಿತು. ರಿಮೋಟ್ ಹಿಡಿದಿದ್ದ ಮಾಲೀಕರು, ಆ ಬಾಂಬನ್ನು ತಾವೇ ತಯಾರಿಸಿದವರಂತೆ ನನ್ನ ಗಂಡನ ಮುಖ ನೋಡಿದರು.

"ಹೆಂಗೈತೆ ಸಾರ್ ಎಫೆಕ್ಟು?"

"ಮಾತು ಕೇಳಿಸಿ," ಅಂದೆ ನಾನು.

"ಮೇಡಂ, ಮಿಕ್ಸಿ, ಗ್ರೈಂಡರ್ ಎಲ್ಲಾ ಆ ಕಡೆ ಐತೆ. ನೋಡ್ತಿರಿ."

ನೋಡಲಿಲ್ಲ. ಅರಸೀಕೆರೆಯ ಬಿ.ಎಚ್. ರಸ್ತೆಯ ಆ ಅಂಗಡಿಗೆ ನಾನು ಹೋಗಿದ್ದು ನಮ್ಮ ಹಾಲ್‌ಗೆ ಹೋಮ್ ಥಿಯೇಟರ್ ರಿಸೀವರ್ ಆರಿಸಲು. (ಹೆಸರಿಗೆ ಹೆದರಬೇಡಿ. ಐದಾರು ಸ್ಪೀಕರ್‌ಗಳಲ್ಲಿ ಯಾವುದಕ್ಕೆ ಯಾವ ಸದ್ದು ಹೋಗಬೇಕೆಂದು ಹಂಚಿಕೊಡುವ ಕಪ್ಪು ಪೆಟ್ಟಿಗೆ, ಅಷ್ಟೆ.) ಸರಿಯಾದದ್ದು ಸಿಗದೆ ಮನೆಗೆ ಮರಳುವುದಿಲ್ಲ ಎಂದು ತೀರ್ಮಾನಿಸಿಯೇ ಹೊರಟಿದ್ದೆ.

ಕಾರಣ ನಮ್ಮ ಅತ್ತೆ. ಅವರೂ ಜೊತೆಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಾಂಬ್ ಸಿಡಿದಾಗ ರೆಪ್ಪೆಯನ್ನೂ ಬಡಿದಿರಲಿಲ್ಲ.

ಅತ್ತೆಗೆ ಕಿವಿ ಮಂದ. ಶುರುವಾದದ್ದು ಯಾವಾಗ? ನಮ್ಮದು ಹಾರನಹಳ್ಳಿ ಕಡೆ ತೋಟ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತೇವೆ. ಒಡೆಯುವ ಮೊದಲು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಒಣಗಿದೆ. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಆ ತೀರ್ಪು ಯಾವಾಗಲೂ ಅತ್ತೆಯದೇ. ಎರಡು ವರ್ಷದ ಹಿಂದೆ ಅವರು ಪಾಸು ಮಾಡಿದ ಕಾಯಿಗಳಲ್ಲಿ ನೀರು ಬಂತು. ನಾವೇನು ಮಾಡಿದೆವು? ಮಳೆಯನ್ನು ಬೈದೆವು. ಅಟ್ಟವನ್ನು ಬೈದೆವು. ಕಾಯಿಯನ್ನೇ ಬೈದೆವು. ಕಿವಿಯ ಯೋಚನೆ ಒಬ್ಬರಿಗೂ ಬರಲಿಲ್ಲ.

(ಹೀಗೆ ಬರೆದರೆ ಎಲ್ಲ ಅಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ. ನಂಬಬೇಡಿ. ನೆನಪಿಗೆ ಎಲ್ಲಿಂದಾದರೂ ಆರಂಭಿಸಬೇಕಿತ್ತು, ಕೈಗೆ ಕಾಯಿ ಸಿಕ್ಕಿತು.)

ಹಾಸನದ ಡಾಕ್ಟರು ಕೊಟ್ಟ ಕಿವಿಯ ಮಿಷನ್ ಡಬ್ಬಿಯೊಳಗಿದೆ. "ಜೇನುಹುಳ ಹೊಕ್ಕಂಗೆ ಗುಂಯ್ ಅಂತೈತೆ, ನಂಗ್ ಬ್ಯಾಡ" ಎಂದು ಅತ್ತೆ ಮುಚ್ಚಿಟ್ಟಿದ್ದಾರೆ.

ಸಂಜೆ ಏಳರ ಧಾರಾವಾಹಿಗೆ ನಾವೆಲ್ಲ ಹಾಲ್‌ನಲ್ಲಿ ಸೇರುವುದು ವಾಡಿಕೆ. ಟಿವಿಯ ವಾಲ್ಯೂಮ್ ಏರಿಸಿದರೆ ಮಾತಿಗಿಂತ ಮೊದಲು ಹಿನ್ನೆಲೆ ಸಂಗೀತ ಏರುತ್ತದೆ. "ಏನಂದ್ಳು ಅವ್ಳು?" ಎಂದು ಅತ್ತೆ ಕೇಳುತ್ತಿದ್ದರು. ಹೇಳುತ್ತಿದ್ದೆವು. ಮತ್ತೆ ಕೇಳುತ್ತಿದ್ದರು. ಒಂದು ಸಂಜೆ ನನ್ನ ಗಂಡ ರೇಗಿ, "ಏನಿಲ್ಲ ಬಿಡಮ್ಮಾ" ಅಂದುಬಿಟ್ಟರು.

ಈಗ ಓದಿದಿರಲ್ಲ, ಆ ವಾಕ್ಯ ಸುಳ್ಳು. ಬರೆದಾದ ಮೇಲೆ ನೋಡಿದೆ. ತುಂಬ ಚೆನ್ನಾಗಿ ಕೂತಿತ್ತು, ಅದಕ್ಕೇ ಅನುಮಾನ ಬಂತು. ಗಂಡನನ್ನು ಕೇಳಿದೆ. "ನಾನಾ? ಅವತ್ತು ನಾನು ಊರಲ್ಲೇ ಇರ್ಲಿಲ್ಲ ಕಣೇ," ಅಂದರು. ಹಾಗಾದರೆ ಅಂದವಳು ನಾನೇ. "ಏನಿಲ್ಲ ಬಿಡಿ ಅತ್ತೆ."

ಮರುದಿನದಿಂದ ಏಳು ಗಂಟೆಗೆ ಅತ್ತೆ ಹಾಲ್‌ಗೆ ಬರುವುದನ್ನು ಬಿಟ್ಟರು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು. (ಅವರೆಯ ಕಾಲ ಮುಗಿದ ಮೇಲೆ? ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ಟಿವಿ ನೋಡುತ್ತಿದ್ದೆ.)

ಅವರು ಹಾಲ್‌ಗೆ ವಾಪಸ್ ಬರಬೇಕು. ನನಗೆ ಬೇಕಿದ್ದದ್ದು ಇಷ್ಟೆ. ಹೋಮ್ ಥಿಯೇಟರ್‌ನಲ್ಲಿ ಟಿವಿಯ ಬುಡದಲ್ಲಿಡುವ ನಡುವಿನ ಸ್ಪೀಕರ್ ಒಂದಿರುತ್ತದೆ, ಮಾತು ಬಹುಪಾಲು ಅದರಿಂದಲೇ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಅದೊಂದನ್ನೇ ಜೋರು ಮಾಡಲು ಬಿಡುವ ರಿಸೀವರ್ ಹುಡುಕಬೇಕಿತ್ತು.

ಮಾಲೀಕರು ಎರಡನೇ ಬಾಂಬಿಗೆ ಸಿದ್ಧರಾದರು. ಅತ್ತೆ ಕೈ ಎತ್ತಿದರು.

"ತಮ್ಮಾ, ಎಲ್ಲಾನೂ ಒಟ್ಟಿಗೆ ಅಲ್ಲಾಡ್ಸಿದ್ರೆ ಯಾವ್ದು ಒಣಗೈತೆ ಅಂತ ಹೆಂಗ್ ತಿಳೀತದೆ? ಒಂದೊಂದೇ ಕೇಳ್ಸು."

ಅರಸೀಕೆರೆಯವರಲ್ಲವೆ, ಮಾಲೀಕರಿಗೆ ತಕ್ಷಣ ತಿಳಿಯಿತು. ನಕ್ಕರು. "ಅಜ್ಜಿ, ಇದು ಕಾಯಿ ಅಲ್ಲ. ಐದೂ ಸೇರಿದ್ರೇನೇ ಮಜಾ."

"ಮಜಾ ನೀನ್ ಮಾಡ್ಕೊ. ಆರ್ಸೋದು ಹಿಂಗೇಯ."

ವೈರುಗಳನ್ನು ಬಿಚ್ಚಿಸಿದೆವು. ಒಂದು ಸಲಕ್ಕೆ ಒಂದೇ ಸ್ಪೀಕರ್. ಅತ್ತೆ ಎದ್ದುಹೋಗಿ ಪ್ರತಿಯೊಂದಕ್ಕೂ ಬಗ್ಗಿ ಕಿವಿಯಿಟ್ಟರು. "ಇದ್ರಲ್ಲಿ ಬರೀ ಗಾಳಿ." ಮುಂದಿನದು. "ಇದು ಡಬಡಬ." ನಡುವಿನದಕ್ಕೆ ಬಂದವರು ಅಲ್ಲೇ ನಿಂತರು. ಬರುತ್ತಿದ್ದದ್ದು ಇಂಗ್ಲಿಷ್. ಅತ್ತೆಗೆ ಒಂದಕ್ಷರ ಬಾರದು. ಆದರೂ ಅವರ ಮುಖ ಸಡಿಲವಾಯಿತು.

"ಇದ್ರಲ್ಲವ್ರೆ ಜನ."

ಸರಿ. ಆದರೆ ಅದು ಡಿವಿಡಿ. ನಮ್ಮ ಮನೆಯಲ್ಲಿರುವುದು ಕೇಬಲ್. ಕೇಬಲ್‌ನ ಮಾತೂ ಇದೇ ಸ್ಪೀಕರ್‌ಗೆ ಬರುತ್ತದೆಯೆ?

"ಬಂದೇ ಬರ್ತದೆ ಮೇಡಂ."

"ತೋರಿಸಿ."

"ಅಯ್ಯೋ, ಬರ್ತದೆ ಅಂದ್ನಲ್ಲ."

"ತೋರಿಸಿ."

ನನ್ನ ಗಂಡ ಬಾಗಿಲ ಬಳಿ ನಿಂತು ರಸ್ತೆಯ ಬಸ್ಸುಗಳನ್ನು ಎಣಿಸತೊಡಗಿದರು. (ಮುಜುಗರವಾದಾಗ ಅವರು ಏನಾದರೂ ಎಣಿಸುತ್ತಾರೆ.) ಗಲ್ಲಾದ ಮೇಲಿದ್ದ ಪುಟ್ಟ ಟಿವಿಯ ಕೇಬಲನ್ನು ಮಾಲೀಕರು ನಿಟ್ಟುಸಿರಿನೊಂದಿಗೆ ಎಳೆದು ತಂದರು. ಅದೃಷ್ಟಕ್ಕೆ ನಮ್ಮದೇ ಧಾರಾವಾಹಿಯ ಮಧ್ಯಾಹ್ನದ ಮರುಪ್ರಸಾರ ನಡೆದಿತ್ತು.

ಹೆಚ್ಚು ದೀಪ ಮಿನುಗುತ್ತಿದ್ದ ರಿಸೀವರ್‌ನಲ್ಲಿ ನಡುವಿನ ಸ್ಪೀಕರ್ ಉಸಿರೇ ಎತ್ತಲಿಲ್ಲ. ಎರಡನೆಯದರಲ್ಲಿ ಮಾತು ಬಂತು, ಆದರೆ ಅದನ್ನೊಂದೇ ಏರಿಸುವ ಹಾಗಿರಲಿಲ್ಲ. ಮೂರನೆಯದು ಗಂಡನಿಗೆ ಮೊದಲೇ ಇಷ್ಟವಾಗಿಬಿಟ್ಟಿತ್ತು, ಅದರ ಹಣೆಬರಹವೂ ಅದೇ. "ಸಾಕು, ಇನ್ನೊಂದು ದಿನ ಬರೋಣ," ಅಂದರು. ಇಲ್ಲ ಅಂದೆ. ಕೆಳಗಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದ, ಅಂದಚಂದವಿಲ್ಲದ ಒಂದನ್ನು ತೆಗೆಸಿದೆ. ರಿಮೋಟ್ ನಾನೇ ಇಸಿದುಕೊಂಡು, ನಡುವಿನದನ್ನು ಮಾತ್ರ ಏರಿಸುತ್ತ ಹೋದೆ.

"ಅಯ್ಯೋ! ಆಸ್ತಿ ಪತ್ರ ಕದ್ದಿರೋಳು ಇವ್ಳೇಯಾ?" ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

"ಕದ್ದು ಮೂರು ತಿಂಗ್ಳಾಯ್ತಲ್ಲ ಅಜ್ಜಿ," ಅಂದರು ಮಾಲೀಕರು.

"ನಂಗ್ಯಾರು ಹೇಳಿದ್ರು?"

ನನ್ನ ಕಡೆ ನೋಡಿ ಕೇಳಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದರು. ಆ ಪೆಟ್ಟಿಗೆಯನ್ನೇ ಸ್ಪೀಕರ್‌ಗಳ ಸಮೇತ ಕೊಟ್ಟುಬಿಡಿ ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಅವತ್ತು ಸಂಜೆ ಏಳಕ್ಕೆ ಅತ್ತೆ ಹಾಲ್‌ಗೆ ಬಂದರು. ಯಾರೂ ಕರೆದಿರಲಿಲ್ಲ. ನಾವು ನಕ್ಕಾಗಲೇ ನಕ್ಕರು, ನಮಗಿಂತ ಮೊದಲೇ ಬೈದರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಐದು ಸ್ಪೀಕರೂ ಒಟ್ಟಿಗೆ ಸತ್ತವು. ಮೇಣದಬತ್ತಿ ಹುಡುಕುತ್ತ ನಾನು ಗಂಡನಿಗೆ ಏನೋ ಹೇಳಿದೆ.

"ಏನಂದೆ?" ಅತ್ತೆ ಕೇಳಿದರು.

ಆ ಹಳೆಯ ಉತ್ತರ ತುಟಿಯವರೆಗೂ ಬಂದಿತ್ತು. ನುಂಗಿದೆ. ಹೋಗಿ ಅವರ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಬೆಳಿಗ್ಗೆಗೆ ಅಕ್ಕಿರೊಟ್ಟಿ ಮಾಡ್ಲಾ ಅಂತ ಕೇಳ್ದೆ ಅತ್ತೆ."

"ಅಷ್ಟೇಯಾ?"

"ಅಷ್ಟೇ."

ಅತ್ತೆ ನನ್ನ ಮೊಣಕಾಲು ತಟ್ಟಿ ಕೇಳಿದರು:

"ಇಷ್ಟು ಹೇಳಕ್ಕೆ ಇಷ್ಟು ದಿನ ಬೇಕಾಯ್ತೇನೇ?"