ಐದು ಎಣಿಸುವಷ್ಟು ಹೊತ್ತು

ಕೊಲ್ಲಿ ದೇಶದ ಅಲ್ ಕುಸೈಸಿನಲ್ಲಿದ್ದ ನಮ್ಮ ಕಟ್ಟಡದ ಕಾರಿಡಾರಿಗೆ ಕಿಟಕಿಯಿರಲಿಲ್ಲ. ಯಾರಾದರೂ ಓಡಾಡಿದರೆ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು, ಅಲುಗಾಡದೆ ನಿಂತರೆ ಆರಿಹೋಗುತ್ತಿತ್ತು. ಹತ್ತು ವರ್ಷದ ನನ್ನ ಮಗಳು ಅಲ್ಲಿದ್ದಾಗ ಅದು ಆರಿದ್ದೇ ಇಲ್ಲ. ಆಟಿಸಂ ಒಂದೇ ಸಾಲದೆಂಬಂತೆ ಎಡಿಎಚ್‌ಡಿಯೂ ಇದ್ದ ಹುಡುಗಿ. ಒಂದು ಗಳಿಗೆ ನಿಂತಲ್ಲಿ ನಿಲ್ಲುವವಳಲ್ಲ. ಬಾಯಿ ತೆರೆದರೆ ಬರೀ ಮೆಟ್ರೋ ನಿಲ್ದಾಣಗಳ ಹೆಸರು, ಎದುರಿನವರಿಗೆ ಉಸಿರಾಡಲೂ ಬಿಡದೆ. ನಾಳೆ ನಾವಿಲ್ಲದಾಗ ಇವಳು ಯಾರೊಡನೆ ನಾಲ್ಕು ಮಾತಾಡಿಯಾಳು ಎಂಬುದೊಂದೇ ನನ್ನ ಹೆದರಿಕೆ.

ಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟರು. ಒಂದು ಪ್ರಶ್ನೆ ಕೇಳಬೇಕು, ಮನಸ್ಸಿನಲ್ಲೇ ಐದು ಎಣಿಸಬೇಕು; ಅದು ಎದುರಿನವರ ಟರ್ನ್. ದಿನವೂ ಒಬ್ಬರೊಂದಿಗೇ ಅಭ್ಯಾಸವಾಗಲಿ ಎಂದರು. ನಾನು ಎದುರು ಫ್ಲ್ಯಾಟಿನ ಬ್ಯಾರಿ ಆಂಟಿಯನ್ನು ಗೊತ್ತು ಮಾಡಿದೆ. ಉಳ್ಳಾಲದ ಕಡೆಯವರು, ಮಕ್ಕಳಿಲ್ಲ. ಶಾಲೆಯ ಬಸ್ಸಿಳಿದು ಬಂದ ಮಗಳು ಬೆಲ್ ಒತ್ತಿ, "ಆಂಟಿ, ಊಟ ಆಯ್ತಾ?" ಎನ್ನುತ್ತಿದ್ದಳು. ಎರಡು ಎಣಿಸುವಷ್ಟರಲ್ಲೇ ಮೆಟ್ರೋ ಶುರು. ಆಂಟಿ ಪಾಪ, ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಆಂಟಿಗೆ ಹುಷಾರಿಲ್ಲದೆ ಗಂಡ ಹೆಂಡತಿ ಇಬ್ಬರೂ ಊರಿಗೆ ಹೋದರು. ಆಂಟಿ ಅಲ್ಲಿಯೇ ತೀರಿಕೊಂಡರು. ಮಗಳಿಗೆ ತಿಳಿಸಿ ಹೇಳಿದೆ, ತಲೆಯಾಡಿಸಿದಳು. ರಜೆ ಮುಗಿದು ಶಾಲೆ ಶುರುವಾದದ್ದೇ ತಡ, ಮಧ್ಯಾಹ್ನ ಮತ್ತೆ ಅದೇ ಬಾಗಿಲ ಮುಂದೆ ನಿಂತಿದ್ದಳು.

ನಮ್ಮ ಬಾಗಿಲ ಸಂದಿಯಿಂದ ನೋಡಿದೆ. ಮುಚ್ಚಿದ ಬಾಗಿಲಿಗೆ "ಊಟ ಆಯ್ತಾ?" ಎಂದು ಕೇಳಿ ಸುಮ್ಮನೆ ನಿಂತಳು. ಎಷ್ಟು ಸುಮ್ಮನೆಂದರೆ, ದೀಪ ಆರಿತು. ಐದಕ್ಕಿಂತ ತುಂಬಾ ಹೆಚ್ಚೇ ಎಣಿಸಿರಬೇಕು. ಆಮೇಲೆ ಕತ್ತಲಲ್ಲಿ "ನಂದೂ ಆಯ್ತು" ಎಂದಳು, ಹದವಾಗಿ ನಕ್ಕಳು. ಎರಡು ವರ್ಷ ಹೇಳಿಕೊಟ್ಟರೂ ಅವಳಿಗೆ ಬಾರದಿದ್ದ ನಗು ಅದು. ಬಾಗಿಲು ತೆರೆದು ಅವಳನ್ನು ಒಳಗೆಳೆದುಕೊಂಡೆ.

"ಅಲ್ಲಿ ಯಾರೂ ಇಲ್ಲ ಮಗಾ. ಆಂಟಿ ತೀರಿಹೋದ್ರಲ್ಲ?"

"ಐ ನೋ. ಬಟ್ ಸಮ್‌ಒನ್ ಈಸ್ ಲಿಸನಿಂಗ್," ಎಂದಳು, ಶೂ ಬಿಚ್ಚುತ್ತಾ.

ವಾರವಿಡೀ ಇದೇ ಆಯಿತು. ನನಗೆ ನಿದ್ದೆ ಹತ್ತದು, ಗಂಡನಿಗೆ ಹೇಳಿದರೆ ತಮಾಷೆ. ಕೊನೆಗೊಂದು ದಿನ ಇದನ್ನು ನಿಲ್ಲಿಸಿಯೇ ಬಿಡಬೇಕೆಂದು ಅವಳ ಬೆನ್ನ ಹಿಂದೆ ಹೋಗಿ ನಿಂತೆ. "ಊಟ ಆಯ್ತಾ?" ಎಂದಳು. ದೀಪ ಆರಿತು. ಅವಳ ಕೈ ಹಿಡಿದು ಎಳೆಯಬೇಕು, ಅಷ್ಟರಲ್ಲಿ ಬಾಗಿಲ ಹಲಗೆಗೆ ತಾಗಿಕೊಂಡಂತೆ, ಆಚೆಯಿಂದ ಗಂಡಸಿನ ಪಿಸುದನಿ ಬಂತು.

"ಆಯ್ತು ಮಗಾ. ನಿಂದು?"

ಚಿಲಕ ಸರಿಯಿತು. ಆಂಟಿಯ ಗಂಡ. ಗಡ್ಡ ಬೆಳೆದಿತ್ತು, ಬೆನ್ನ ಹಿಂದೆ ಮನೆಯಿಡೀ ಕತ್ತಲೆ.

"ನಾನು ಊರಿಂದ ಬಂದು ತಿಂಗಳಾಯ್ತು," ಎಂದರು. "ಇವಳೊಬ್ಬಳೇ ಕೇಳೋದು."

ನಿಜ ಹೇಳುತ್ತೇನೆ. ಹಿಂದಿನ ವಾರ ಕೆಳಗೆ ಲಿಫ್ಟಿನ ಬಳಿ, ಕುಬ್ಬೂಸ್ ರೊಟ್ಟಿಯ ಪ್ಯಾಕೆಟ್ ಹಿಡಿದು ನಿಂತ ಒಬ್ಬರ ಬೆನ್ನು ನೋಡಿದ್ದೆ. ಇವರೇ ಇರಬಹುದೆನ್ನಿಸಿತ್ತು. ಏನು ಮಾತಾಡುವುದೆಂದು ತೋಚದೆ, ಸುಮ್ಮಸುಮ್ಮನೆ ಫೋನ್ ಕಿವಿಗಿಟ್ಟುಕೊಂಡು ಮುಂದಿನ ಲಿಫ್ಟಿಗೆ ಕಾದಿದ್ದೆ.

ಅವರು ನನ್ನನ್ನೇ ನೋಡುತ್ತಿದ್ದರು. ಬಾಗಿಲು ತೆರೆದಾಗ ಹೊತ್ತಿಕೊಂಡಿದ್ದ ದೀಪ, ಮೂವರೂ ಅಲುಗಾಡದೆ ನಿಂತದ್ದರಿಂದ ಮತ್ತೆ ಆರಿತು. ಕತ್ತಲಲ್ಲಿ ಮಗಳು ನನ್ನ ಮೊಣಕೈ ಮೆಲ್ಲಗೆ ತಿವಿದಳು.

"ಅಮ್ಮಾ, ಯುವರ್ ಟರ್ನ್."